ಕಿವಿಮೇಸ್ತ್ರಿಯ ಎರಡು ಪೆಟ್ಟು

ಕಿವಿಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿಯಲಿಲ್ಲ. ಊರಿನ ನೆಲದಡಿಯಲ್ಲಿ ಪೈಪು ಎಲ್ಲಿ ಸೋರುತ್ತಿದೆ ಎಂದು ಕಿವಿಯಿಂದಲೇ ಪತ್ತೆ ಮಾಡುವುದು ಅವನ ಕೆಲಸ. ಅದಕ್ಕೆ ಬೇಕಾದದ್ದು ಎದೆಮಟ್ಟದ ಒಂದು ಕಬ್ಬಿಣದ ಸಲಾಕೆ, ಅದರ ತಲೆಗೊಂದು ಮರದ ಬಟ್ಟಲು, ಅಷ್ಟೆ. ಮಧ್ಯಾಹ್ನ ಊಟ ಮುಗಿಸಿ ಊರು ತೂಕಡಿಸುವ ಹೊತ್ತಿಗೆ ಅವನು ರಸ್ತೆಗಿಳಿಯುತ್ತಿದ್ದ. ಸಲಾಕೆಯನ್ನು ನೆಲಕ್ಕೂರಿ, ಬಾಗಿ, ಬಟ್ಟಲಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಮ್ಮಡಿಯಿಂದ ಒಂದು ಗೀಟು ಎಳೆದು "ಇಲ್ಲಿ ಅಗೀರಿ" ಎನ್ನುತ್ತಿದ್ದ. ಅಗೆದರೆ ಅಲ್ಲೇ ಇರುತ್ತಿತ್ತು, ನೂಲಿನಷ್ಟು ಸಣ್ಣ ಸೋರಿಕೆ. ಗೋಡೆಗೂ ಕಿವಿ ಇರುತ್ತೆ ಅಂತಾರೆ, ನಮ್ಮೂರಲ್ಲಿ ರಸ್ತೆಗೂ ಕಿವಿ ಇದೆ, ಅದಕ್ಕೆ ಸಂಬಳ ಬೇರೆ ಕೊಡ್ತಾರೆ ಎಂದು ಗುದ್ದಲಿಯವರು ನಗುತ್ತಿದ್ದರು.

ಅವನಿಗೆ ಜಂಬ ಇರಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಜಂಬ ಬೇಕಾದಷ್ಟಿತ್ತು. ಗುದ್ದಲಿ ಒಂದು ಗೇಣು ಆಚೆ ಬಿದ್ದರೂ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿಯೂ ಬಿಡುತ್ತಿರಲಿಲ್ಲ. "ಭೂಮಿಯೊಳಗಿನದೆಲ್ಲ ಕೇಳಿಸುತ್ತೆ, ಅಡುಗೆಮನೆಯಿಂದ ಕರೆದರೆ ಮಾತ್ರ ಕೇಳಿಸಲ್ಲ ಇವರಿಗೆ" ಎಂದು ಬಂದವರ ಮುಂದೆ ಹೇಳುತ್ತಿದ್ದಳು.

ಅವನಿಗೊಬ್ಬ ತಮ್ಮ ಇದ್ದ, ಅದೇ ಕಚೇರಿಯಲ್ಲಿ ದೊಡ್ಡ ಪೈಪುಗಳ ಒಳಗಿಳಿದು ಹೂಳು ಕೆರೆಯುವ ಕೆಲಸ. ಆ ಪೈಪುಗಳೊಳಗೆ ಮನುಷ್ಯ ತೆವಳಿಕೊಂಡು ಹೋಗಬಹುದು. ಒಳಗಿದ್ದವರು ಮೇಲಿದ್ದವರ ಜೊತೆ ಮಾತಾಡುವುದು ಸುತ್ತಿಗೆ ಪೆಟ್ಟಿನಲ್ಲಿ. ಒಂದು ದಿನ ತಮ್ಮ ಒಳಗಿರುವಾಗಲೇ ಯಾರೋ ವಾಲ್ವು ತಿರುಗಿಸಿದರು. ಅವನು ತಟ್ಟಿದ. ಮೂರು ಮೂರು ಪೆಟ್ಟಾಗಿ ತುಂಬ ಹೊತ್ತು ತಟ್ಟಿದ. ತಮ್ಮನ ಬಲಗೈ ಹಿಂದೊಮ್ಮೆ ಮುರಿದು ಕೂಡಿದ್ದು, ಹಾಗಾಗಿ ಮೂರನೆಯ ಪೆಟ್ಟು ಯಾವಾಗಲೂ ಒಂಚೂರು ತಡವಾಗಿ ಬೀಳುತ್ತಿತ್ತು. ಮೇಲೆ ಕೂತಿದ್ದ ವಾಲ್ವಿನವನು ಅದನ್ನು ಕೇಳಿ, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದುಕೊಂಡು ಬೀಡಿ ಹಚ್ಚಿದ. ಮೇಸ್ತ್ರಿ ಆ ಹೊತ್ತು ಊರಿನ ಇನ್ನೊಂದು ತುದಿಯಲ್ಲಿ ಯಾವುದೋ ನಲ್ಲಿಯ ಸೋರಿಕೆ ಹುಡುಕುತ್ತಿದ್ದ.

ಆಮೇಲೆ ಮೇಸ್ತ್ರಿ ಹಟ ಹಿಡಿದು ಒಂದು ಕಟ್ಟುಪಾಡು ತಂದ. ಅದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ. ಒಳಗಿನಿಂದ ಮೂರು ಪೆಟ್ಟು ಬಂದರೆ "ಒಳಗಿದ್ದೀನಿ, ಬರಲಾ?" ಎಂದರ್ಥ. ಮೇಲಿನಿಂದ ಎರಡು ತಟ್ಟಿದರೆ "ನೀರು ಮುಚ್ಚಿದೆ, ಬಾ." ಒಂದು ತಟ್ಟಿದರೆ "ನೀರು ಬಿಟ್ಟಿದ್ದಾರೆ, ಇದ್ದಲ್ಲೇ ಇರು." ಯಾರದೇ ಪೆಟ್ಟಾಗಲಿ ಉತ್ತರ ಕೊಡದೆ ಹೋಗುವ ಹಾಗಿಲ್ಲ. ಒಳಗಿದ್ದವನಿಗೆ ಒಂದು ದಿನ ಉತ್ತರವೇ ಸಿಗದಿದ್ದರೆ, ಸಾಯುತ್ತ ಕೂರದೆ ಸಿಕ್ಕಿದ ದಾರಿ ಹಿಡಿದು ಹೊರಟುಬಿಡಬೇಕು. ಆ ಕಟ್ಟುಪಾಡಿನಿಂದ ಮುಂದೆ ಎಷ್ಟೋ ಜನ ಬದುಕಿದರು ಎಂಬುದೂ ನಿಜ.

ತಮ್ಮ ಹೋಗಿ ಏಳು ವರ್ಷವಾಗಿತ್ತು. ಮೇಸ್ತ್ರಿಗೆ ಎರಡು ವರ್ಷದ ಮಗಳು. ಹಳೆಯ ಪಂಪ್‌ಹೌಸಿನ ಹಿತ್ತಲಲ್ಲಿ ಒಂದು ಸತ್ತ ಲೈನು ಇತ್ತು, ಯಾವ ಕಾಲದಲ್ಲೋ ಬಿಟ್ಟುಬಿಟ್ಟದ್ದು. ಅದರ ಬಾಯಿಗೆ ಒಂದು ಚೇಂಬರು, ಚೇಂಬರಿಗೆ ಕಬ್ಬಿಣದ ಮುಚ್ಚಳ. ಒಂದು ಮಧ್ಯಾಹ್ನ ಮೂರು ಗಂಟೆಗೆ ಮೇಸ್ತ್ರಿ ಆ ಮುಚ್ಚಳದ ಮೇಲೆ ಕೂತು ಚಪ್ಪಲಿಯಲ್ಲಿ ಹೊಕ್ಕಿದ್ದ ಕಲ್ಲು ಕೊಡವುತ್ತಿದ್ದ. ಆಗ ಕೇಳಿಸಿತು. ಒಂದು, ಎರಡು, ಸ್ವಲ್ಪ ತಡವಾಗಿ ಮೂರು.

ಬೇರೆ ಯಾರಾದರೂ ಆಗಿದ್ದರೆ ಎದ್ದು ಓಡುತ್ತಿದ್ದರು, ಬುದ್ಧಿವಂತಿಕೆಯೂ ಅದೇ. ಮೇಸ್ತ್ರಿ ಯೋಚಿಸಲೇ ಇಲ್ಲ. ಏಳು ವರ್ಷದಿಂದ ಯಾವ ಮೂರು ಪೆಟ್ಟಿಗೆ ತಾನು ಅಲ್ಲಿರಲಿಲ್ಲ ಎಂದು ಕೊರಗುತ್ತಿದ್ದನೋ ಅದೇ ಮೂರು ಪೆಟ್ಟು. ಸಲಾಕೆ ಎತ್ತಿದವನೇ ಮುಚ್ಚಳದ ಮೇಲೆ ಎರಡು ಸಲ ತಟ್ಟಿದ. ನೀರು ಮುಚ್ಚಿದೆ, ಬಾ.

ಉತ್ತರ ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ತಲೆ ಕೆಟ್ಟಿದೆ ಎಂದು ತನ್ನನ್ನೇ ಬೈದುಕೊಂಡು ಮನೆಗೆ ಹೋದ. ಮಾರನೆಯ ದಿನ ಅದೇ ಹೊತ್ತಿಗೆ, ಸುಮ್ಮನಿರಲಾರದೆ, ಅಲ್ಲಿಗೇ ಬಂದು ಬಟ್ಟಲಿಗೆ ಕಿವಿಯಿಟ್ಟ. ಎರಡು ಪೆಟ್ಟು ಬಂತು. ಪೈಪಿನವರಲ್ಲಿ ಹೇಳಿದ್ದನ್ನೇ ತಿರುಗಿ ತಟ್ಟಿದರೆ "ಕೇಳಿಸಿತು, ಹಾಗೇ ಮಾಡ್ತೀನಿ" ಎಂದರ್ಥ. ಆ ಪೆಟ್ಟಿನ ಹಿಂದೆಯೇ ಇನ್ನೊಂದು ಸದ್ದು ಬಂತು, ಏನೋ ಮಗ್ಗುಲು ಬದಲಿಸಿ ಏಳುವ ಸದ್ದು. ಸದ್ದು ಕೇಳಿ ಗಾತ್ರ ಹೇಳುವುದು ಮೇಸ್ತ್ರಿಯ ಕಸುಬು. ಪೈಪಿನ ದಪ್ಪ, ಸೋರಿಕೆಯ ಅಗಲ ಎಲ್ಲವನ್ನೂ ಬೆರಳಲ್ಲಿ ತೋರಿಸುತ್ತಿದ್ದವನು. ಇದರ ಗಾತ್ರ ಅವನಿಗೆ ಸಿಗಲಿಲ್ಲ. ಒಂದು ಕಡೆ ಏಳುತ್ತಿದ್ದದ್ದು ಇನ್ನೊಂದು ಕಡೆ ಇನ್ನೂ ಮಲಗೇ ಇತ್ತು, ಆ ನಡುವಿನ ದೂರಕ್ಕೆ ಅವನ ಲೆಕ್ಕದಲ್ಲಿ ಅಳತೆಯೇ ಇರಲಿಲ್ಲ. ಅದು ಏಳುವುದು ಮುಗಿಯಲೆಂದು ಅವನು ಕಾದ. ಸೂರ್ಯ ಮುಳುಗಿದರೂ ಮುಗಿಯಲಿಲ್ಲ.

ಅವನು ಒಂದೇ ಪೆಟ್ಟು ತಟ್ಟಿದ. ಇದ್ದಲ್ಲೇ ಇರು. ಅದಕ್ಕೆ ಮರುಪೆಟ್ಟು ಬಂದದ್ದು ಇಪ್ಪತ್ತೆರಡು ಗಂಟೆ ಕಳೆದ ಮೇಲೆ.

ಕಚೇರಿಯಲ್ಲಿ ಅವನ ಮಾತು ನಂಬುವವರು ಹಿರಿಯ ಇಂಜಿನಿಯರೊಬ್ಬರೇ. ಅವರಿಗೆ ಹೇಳಿದ. ಅವರು ಮೊದಲು ನಕ್ಕರು. ಕಬ್ಬಿಣದಲ್ಲಿ ಸದ್ದು ಎಷ್ಟು ವೇಗವಾಗಿ ಓಡುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಒಂದು ಹಳೆಯ ಲಕೋಟೆಯ ಹಿಂದೆ ಗುಣಿಸಿದರು. ಗುಣಿಸಿದ್ದನ್ನು ಹೊಡೆದುಹಾಕಿ ಮತ್ತೆ ಗುಣಿಸಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು.

"ಮೇಸ್ತ್ರಿ, ಇಷ್ಟು ಆಳ ಭೂಮಿಗೇ ಇಲ್ಲ. ಆ ಕಡೆಯಿಂದ ಹೊರಗೆ ಬಂದು ಇನ್ನೂ ಎಷ್ಟೋ ದೂರ ಹೋಗಬೇಕಾಗುತ್ತೆ."

"ಹೊರಗೆ ಅಂದರೆ ಎಲ್ಲಿಗೆ ಸಾರ್?"

ಇಬ್ಬರೂ ಹೋಗಿ ಚೇಂಬರಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರು. ಪೈಪಿಗೆ ಒಂದೂ ಬೆಸುಗೆ ಇರಲಿಲ್ಲ, ಒಂದೂ ತಿರುಪು ಇರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು. ಇಂಜಿನಿಯರು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದರು.

"ಇದು ನಮ್ಮವರು ಹಾಕಿದ್ದಲ್ಲ ಮೇಸ್ತ್ರಿ. ಊರು ಹುಟ್ಟೋದಕ್ಕೆ ಮುಂಚೆಯಿಂದ ಇದ್ದದ್ದು. ನಮ್ಮ ಹಳಬರು ಯಾರೋ ಅಗೆಯುವಾಗ ಸಿಕ್ಕಿದೆ, ಪುಕ್ಕಟೆ ಪೈಪು ಸಿಕ್ಕಿತಲ್ಲ ಅಂತ ನಮ್ಮ ಲೈನಿಗೆ ಜೋಡಿಸಿಕೊಂಡಿದ್ದಾರೆ."

ನಗಬೇಕೋ ಅಳಬೇಕೋ ತಿಳಿಯದ ಮಾತು. ಸರ್ಕಾರಿ ಕೆಲಸ ಬಲ್ಲವರಿಗೆ ಅದು ಹಾಗೇ ನಡೆದಿರುತ್ತದೆ ಎಂಬುದರಲ್ಲಿ ಅನುಮಾನವೂ ಬರುವುದಿಲ್ಲ.

"ಒಳಗಿರೋದು ಏನು ಸಾರ್?"

"ಹಿಂದಿನವರಿಗೆ ಗೊತ್ತಾಗಿದ್ದರೆ ದೇವರು ಅಂತಿದ್ದರು, ಬೇರೆ ಪದ ಇಲ್ಲ. ನಮ್ಮ ದೇವರಲ್ಲ, ಯಾರ ದೇವರೂ ಅಲ್ಲ. ಕರೆದರೆ ದೇವರು ಬರಬೇಕು ಅಂತ ಜನ ಆಸೆ ಪಡ್ತಾರೆ. ಇದು ನಿಜವಾಗಲೂ ಬರ್ತಾ ಇದೆ, ನೀನು ಕರೆದದ್ದಕ್ಕೆ."

ಮೇಸ್ತ್ರಿಗೆ ಆಗ ಇನ್ನೊಂದು ಹೊಳೆಯಿತು. ಒಳಗಿದ್ದದ್ದು ತಮ್ಮನಲ್ಲ. ಆದರೆ ತಮ್ಮ ಕೊನೆಗೆ ತಟ್ಟಿದ್ದನ್ನು ಅದು ಕೇಳಿಸಿಕೊಂಡಿತ್ತು. ಮೇಲಿದ್ದವರು ಯಾರೂ ಕಿವಿಗೆ ಹಾಕಿಕೊಳ್ಳದ ಆ ಪೆಟ್ಟುಗಳನ್ನು ಅಷ್ಟು ದೂರದಲ್ಲಿ ಅದೊಂದು ಕೇಳಿಸಿಕೊಂಡು, ಎಚ್ಚೆತ್ತು, ಆಮೇಲೆ ಏಳು ವರ್ಷ ಊರಿನ ಪೈಪುಗಳಲ್ಲಿ ನಡೆದ ಮಾತನ್ನೆಲ್ಲ ಕಲಿತಿತ್ತು. ಬಾ ಎಂದರೆ ಬರಬೇಕು, ಇರು ಎಂದರೆ ಇರಬೇಕು, ಒಂದು ದಿನ ಉತ್ತರ ಬಾರದಿದ್ದರೆ ಸಿಕ್ಕಿದ ದಾರಿ ಹಿಡಿಯಬೇಕು. ಕಲಿಸಿದವನು ತಾನೇ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಅವನಿಗಾಗಿಯೇ ಹುಟ್ಟಿದ ಹಾಗಿತ್ತು.

ಅಂದಿನಿಂದ ಅದು ದಿನವೂ ಮೂರು ಗಂಟೆಗೆ ಮೂರು ಪೆಟ್ಟು ತಟ್ಟುತ್ತಿತ್ತು, ಬರಲಾ ಎಂದು. ಮೇಸ್ತ್ರಿ ದಿನವೂ ಹೋಗಿ ಒಂದು ಪೆಟ್ಟು ತಟ್ಟುತ್ತಿದ್ದ, ಇರು ಎಂದು. ತಪ್ಪಿಸಿದ್ದು ಒಂದೇ ಸಲ. ಸನ್ನಿಪಾತದ ಜ್ವರ ಬಂದು ಮೂರು ದಿನ ಮೈಮೇಲೆ ಎಚ್ಚರವಿರಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲಿ ಕೂತು ಬೆರಳಿನಿಂದ ಮಂಚದ ಕಾಲು ತಟ್ಟುತ್ತಿದ್ದಳು. ಒಂದು, ಎರಡು, ತಡೆದು ಮೂರು. ಕಿಟಕಿಯಾಚೆ ಹಾಲಿನವನು ಕ್ಯಾನಿನ ಮೇಲೆ ಅದನ್ನೇ ತಟ್ಟುತ್ತಿದ್ದ. ಶಾಲೆಯ ಕಡೆಯಿಂದ ನೂರಾರು ಬೆಂಚುಗಳ ಸದ್ದು ಒಟ್ಟಿಗೆ ಬರುತ್ತಿತ್ತು. ಮಗಳು ನೆಲದಲ್ಲಿ ಕೂತು ಚಮಚದಿಂದ ತಟ್ಟೆಗೆ ಬಡಿಯುತ್ತಿದ್ದಳು. ಯಾರ ಮುಖದಲ್ಲೂ ತಾವು ಏನು ಮಾಡುತ್ತಿದ್ದೇವೆ ಎಂಬ ಪರಿವೆ ಇರಲಿಲ್ಲ. ಮಗಳು ಮಾತ್ರ ಅಪ್ಪನ ಕಡೆ ನೋಡಿ ಉತ್ತರಕ್ಕೆ ಕಾಯುವವಳ ಹಾಗೆ ಕಿವಿ ವಾಲಿಸಿದಳು.

ಮೇಸ್ತ್ರಿ ಲುಂಗಿಯಲ್ಲೇ ಓಡಿದ. ಒಂದು ಪೆಟ್ಟು ತಟ್ಟಿ ಗಡಿಯಾರ ನೋಡುತ್ತ ಕೂತ. ಇಪ್ಪತ್ತೆರಡು ಗಂಟೆಯ ಬದಲು ಮೂರೇ ಗಂಟೆಯಲ್ಲಿ ಮರುಪೆಟ್ಟು ಬಂತು, ಅದು ಅಷ್ಟು ಹತ್ತಿರ ಬಂದಿತ್ತು. ಇರು ಎಂದ ಮೇಲೆ ಅಲ್ಲಿಗೆ ನಿಂತಿತು. ಆ ಲೆಕ್ಕ ಕೇಳಿದ ಇಂಜಿನಿಯರು ಮನೆಯ ನಲ್ಲಿಗಳನ್ನೆಲ್ಲ ಕೀಳಿಸಿ ರಂಧ್ರಗಳಿಗೆ ಸಿಮೆಂಟು ತುಂಬಿಸಿದರು. ವರ್ಷ ತುಂಬುವುದರೊಳಗೆ ತೀರಿಕೊಂಡರು. ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ ಉಳಿದ.

ಹಾಗೆ ಮೂವತ್ತು ವರ್ಷ ನಡೆಯಿತು. ಮೂರಕ್ಕೆ ತಟ್ಟಬೇಕು, ಆರಕ್ಕೆ ಮರುಪೆಟ್ಟು ಕೇಳಿ ಮನೆಗೆ ಬರಬೇಕು. ನೆಂಟರ ಮನೆಗೆ ಹೋಗಲಿಲ್ಲ, ಬೇರೆ ಊರಿನ ನೀರು ಕುಡಿಯಲಿಲ್ಲ. ನಿವೃತ್ತಿಯಾದ ಮೇಲೂ ಪಂಪ್‌ಹೌಸಿನ ಕಾವಲಿನವನಿಗೆ ಎಲೆ ಅಡಿಕೆ ಕೊಟ್ಟು ಒಳಗೆ ಹೋಗಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. "ಅಲ್ಲೊಂದು ಸಂಸಾರ ಇಟ್ಟಿದ್ದೀರಾ ಹೇಗೆ? ಇದ್ದರೆ ಹೇಳಿಬಿಡಿ, ಅವಳಿಗೂ ಒಂದು ಸೀರೆ ತರೋಣ" ಎನ್ನುತ್ತಿದ್ದ ಹೆಂಡತಿಯೂ ಒಂದು ದಿನ ಹೋದಳು. ಅವಳ ಮಣ್ಣು ಮುಗಿಸಿದ ಮಧ್ಯಾಹ್ನವೂ ಮೂರು ಗಂಟೆಗೆ ಅವನು ಎದ್ದು ಹೊರಟ. ಬಂದಿದ್ದವರು ಬಾಯಿಗೆ ಬಂದ ಹಾಗೆ ಆಡಿಕೊಂಡರು. ಆಡಿಕೊಂಡವರ ಮಕ್ಕಳು ಮೊಮ್ಮಕ್ಕಳು ಹಾಯಾಗಿ ಬದುಕಿದ್ದರಲ್ಲ, ಅದು ಯಾರ ದೆಸೆಯಿಂದ ಎಂದು ಅವರಿಗೆ ಹೇಳುವವರು ಯಾರು.

ಅವನಿಗೆ ಇದ್ದದ್ದು ಒಂದೇ ಆಸೆ, ಈ ಸಲಾಕೆ ಮಗಳ ಕೈಗೆ ಹೋಗಬಾರದು. ಅವಳಿಗೆ ಅಪ್ಪನ ಕಿವಿಯೇ ಬಂದಿತ್ತು. ಆರು ವರ್ಷದವಳಿದ್ದಾಗ ಒಂದು ದಿನ ನೆಲಕ್ಕೆ ಕೆನ್ನೆಯಿಟ್ಟು ಮಲಗಿ "ಅಪ್ಪಾ, ಕೆಳಗೆ ಯಾರೋ ಬರಲಾ ಅಂತಿದ್ದಾರೆ" ಎಂದಳು. ಮೇಸ್ತ್ರಿ ಅವಳ ಕೆನ್ನೆಗೆ ಬಾರಿಸಿದ. ಅವಳಿಗೆ ಹೊಡೆದದ್ದು ಅದೊಂದೇ ಸಲ, ಆ ಏಟು ಇವತ್ತಿಗೂ ಅವನ ಅಂಗೈಯಲ್ಲಿ ಉರಿಯುತ್ತದೆ. ಆಮೇಲೆ ಅವಳು ಓದಿ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಹತ್ತಿರದಲ್ಲೇ ಮನೆ ಮಾಡಿದಳು. ತಾನು ಸಾಯುವುದರೊಳಗೆ ಇದಕ್ಕೊಂದು ಕೊನೆ ಕಾಣಿಸಬೇಕು ಎಂದುಕೊಳ್ಳುತ್ತಲೇ ಮೇಸ್ತ್ರಿಗೆ ಎಪ್ಪತ್ತು ದಾಟಿತು.

ಕಣ್ಣಿಗೆ ಪೊರೆ ಬಂತು. ಕಿವಿಯೂ ಹೋಗುತ್ತ ಬಂತು. ಕಿವಿಮೇಸ್ತ್ರಿಗೆ ಕಿವಿ ಕೇಳಿಸಲ್ಲ ಎಂದರೆ ಊರು ನಗದೆ ಇರುತ್ತದೆಯೇ, ಅವನು ಬಾಯಿ ಬಿಡಲಿಲ್ಲ. ಮರುಪೆಟ್ಟು ಕೇಳಿಸುವುದು ನಿಂತು ಒಂದು ವರ್ಷವಾಗಿತ್ತು. ಗಡಿಯಾರ ನೋಡಿ ಮೂರಕ್ಕೆ ತಟ್ಟುತ್ತಿದ್ದ, ಆರಕ್ಕೆ ಏಳುತ್ತಿದ್ದ. ಊರು ನೆಟ್ಟಗಿದೆ, ಜನ ಓಡಾಡುತ್ತಿದ್ದಾರೆ, ಅಂದರೆ ಅದು ಇದ್ದಲ್ಲೇ ಇದೆ ಎಂದು ಸಮಾಧಾನ ಮಾಡಿಕೊಂಡಿದ್ದ. ಅವನನ್ನು ಇತ್ತೀಚೆಗೆ ಕಾಡುತ್ತಿದ್ದದ್ದು ಊಟದ ಮೇಜು. ಲೋಟಕ್ಕೆ ನೀರು ಹಾಕಿದರೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿರುತ್ತಿತ್ತು. ಮೇಜಿನ ಕಾಲು ಗಿಡ್ಡ ಮಾಡಿಕೊಟ್ಟ ಬಡಗಿಗೆ ಶಾಪ ಹಾಕಿ, ರಟ್ಟು ಮಡಚಿ ಕಾಲಡಿಗೆ ಇಟ್ಟ. ಒಂದು ತಿಂಗಳು ಬಿಟ್ಟು ಇನ್ನೊಂದು ರಟ್ಟು. ಆಮೇಲೆ ಒಂದು ಮರದ ತುಂಡು.

ಒಂದು ಭಾನುವಾರ ಮಧ್ಯಾಹ್ನ ಎರಡೂವರೆಗೆ ಮಗಳು ಬಂದಳು. ಬಂದವಳು ಎದುರಿಗೆ ಕೂತಳು. ಅಪ್ಪನಿಗೆ ಕೇಳಿಸುವುದು ಕಮ್ಮಿ ಎಂದು ಅವಳಿಗೆ ಎಂದೋ ಗೊತ್ತು, ಅವನ ಮರ್ಯಾದೆಗೆ ಸುಮ್ಮನಿದ್ದಳು. ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು.

"ಅಪ್ಪಾ, ಒಂದು ವಿಷಯ ಕೇಳಬೇಕು. ಪರೀಕ್ಷೆಗೆ ಬಂದವರ ಕೈಗೆ ಒಂದು ಗುಂಡಿ ಕೊಡ್ತೀವಿ. ಸದ್ದು ಕೇಳಿಸಿದಾಗ ಒತ್ತಬೇಕು. ಎಂಟು ತಿಂಗಳಿಂದ ನಾನು ಸದ್ದೇ ಕೊಡದಿದ್ದರೂ ಒತ್ತುತ್ತಾರೆ. ಮೊದಮೊದಲು ಒಬ್ಬಿಬ್ಬರು. ಈಗ ಎಲ್ಲರೂ. ಹುಟ್ಟುಕಿವುಡರೂ ಒತ್ತುತ್ತಾರೆ."

"ಎಷ್ಟು ಸಲ?" ಎಂದ ಮೇಸ್ತ್ರಿ.

"ಮೂರು. ಮೂರನೆಯದು ತಡವಾಗಿ. ಇನ್ನೂ ಒಂದು ಇದೆ. ಗಟ್ಟಿಮುಟ್ಟಾದ ಹುಡುಗರಿಗೂ ಒತ್ತುವಾಗ ಬೆರಳು ನಡುಗುತ್ತೆ. ಹೀಗೆ." ಅವಳು ಮೇಜಿನ ಮೇಲೆ ಬೆರಳಿಟ್ಟು ತೋರಿಸಿದಳು.

ತಡವಾಗಿ ಬೀಳುವುದು ತಮ್ಮನದು. ನಡುಕ ಯಾರದು ಎಂದು ಮೇಸ್ತ್ರಿ ಕೇಳಬೇಕಾಗಿರಲಿಲ್ಲ. ಅವನು ತನ್ನ ಬಲಗೈ ನೋಡಿಕೊಂಡ. ಮೊಣಕಾಲ ಮೇಲಿಟ್ಟ ಕೈ ತಾನಾಗಿ ಕುಣಿಯುತ್ತಿತ್ತು. ಅದು ಶುರುವಾಗಿ ಎಂಟು ತಿಂಗಳು. ವಯಸ್ಸಾಯಿತು ಎಂದು ಅವನು ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

"ಆ ಸಲಾಕೆ ಕೊಡಪ್ಪಾ," ಎಂದಳು ಮಗಳು.

"ಮುಟ್ಟಬೇಡ."

"ನಾನು ತಟ್ಟಲ್ಲ. ದಿನಾ ನೀನು ಹೇಗೆ ತಟ್ಟುತ್ತೀಯೋ ಹಾಗೆ ಈ ನೆಲಕ್ಕೆ ತಟ್ಟು, ನಾನು ಕೇಳ್ತೀನಿ. ಅಷ್ಟೆ."

ಮೇಸ್ತ್ರಿ ಸಲಾಕೆ ಎತ್ತಿ ನೆಲಕ್ಕೆ ಒಂದು ಸಲ ತಟ್ಟಿದ. ಮಗಳು ಎರಡು ಬೆರಳು ಎತ್ತಿ ತೋರಿಸಿದಳು.

ಬಿದ್ದ ಸಲಾಕೆ ನಡುಗುವ ಕೈಯಲ್ಲಿ ಪುಟಿದು ಮತ್ತೆ ಬೀಳುತ್ತಿತ್ತು. ಅವನಿಗೆ ಆ ಎರಡನೆಯ ಪೆಟ್ಟು ಕೇಳಿಸುತ್ತಿರಲಿಲ್ಲ. ಎಂಟು ತಿಂಗಳಿಂದ, ದಿನಾ ಮೂರು ಗಂಟೆಗೆ ತಪ್ಪದೆ ಹೋಗಿ, ಮೂವತ್ತು ವರ್ಷ ಇರು ಇರು ಎಂದು ಬೇಡಿಕೊಂಡದ್ದಕ್ಕೆ ಅವನು ಬಾ ಎನ್ನುತ್ತಿದ್ದ. ಅವನಿಗೆ ಅಳು ಬಂತು. ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತ. ಮೂವತ್ತು ವರ್ಷದ ಕಥೆಯನ್ನು ಅಳುವಿನ ನಡುವೆಯೇ ಅರ್ಧಂಬರ್ಧ ಹೇಳಿದ.

ಮಗಳು ಬಗ್ಗಿ ಮೇಜಿನ ಕಾಲಡಿಯ ಮರದ ತುಂಡು, ರಟ್ಟು ಎಲ್ಲ ಕಿತ್ತು ಹಾಕಿದಳು. ಲೋಟವನ್ನು ನೆಲದ ಮೇಲಿಟ್ಟಳು. ಕಿಟಕಿಯ ಬಳಿಯ ಹೂಜಿಯ ಮುಚ್ಚಳ ತೆಗೆದಳು, ಬಚ್ಚಲಿನ ಬಕೆಟ್ಟನ್ನು ಎಳೆದು ತಂದಳು. ಅಪ್ಪನ ತಲೆ ಹಿಡಿದು ಬಗ್ಗಿಸಿ ತೋರಿಸಿದಳು. ಎಲ್ಲ ಪಾತ್ರೆಯಲ್ಲೂ ನೀರು ಒಂದೇ ದಿಕ್ಕಿಗೆ ಏರಿ ನಿಂತಿತ್ತು. ಅದು ಪಂಪ್‌ಹೌಸಿನ ದಿಕ್ಕು. ಬಡಗಿಯದೇನೂ ತಪ್ಪಿರಲಿಲ್ಲ.

ಗಡಿಯಾರ ನೋಡಿ ಇಬ್ಬರೂ ನಡೆದರು. ದಾರಿಯಲ್ಲಿ ಭಾನುವಾರದ ಜನ ಬಾಗಿಲಲ್ಲಿ ಕೂತು ಹರಟುತ್ತಿದ್ದರು. ಹರಟುತ್ತಲೇ ಎಲ್ಲರ ಬೆರಳುಗಳೂ ಮೆಟ್ಟಿಲ ಮೇಲೆ, ತೊಡೆಯ ಮೇಲೆ, ಕೂಸುಗಳ ಬೆನ್ನ ಮೇಲೆ ಆಡುತ್ತಿದ್ದವು. ಮೇಸ್ತ್ರಿಗೆ ಪೊರೆಗಣ್ಣಿನಲ್ಲೂ ಈಗ ಅದು ಕಾಣುತ್ತಿತ್ತು. ಇಷ್ಟು ದಿನ ಕಾಣದೆ ಇದ್ದದ್ದು ಹೇಗೆ ಎಂದು ನಾಚಿಕೆಯಾಯಿತು.

ಚೇಂಬರಿನ ಮುಚ್ಚಳದ ಸುತ್ತ ಒಂದು ಹುಲ್ಲೂ ಇರಲಿಲ್ಲ. ಮಗಳು ಬಟ್ಟಲಿಗೆ ಕಿವಿಯಿಡಲು ಬಗ್ಗಿದವಳು ಅರ್ಧಕ್ಕೇ ನಿಂತಳು. ಸಲಾಕೆಯನ್ನು ಪಕ್ಕಕ್ಕಿಟ್ಟಳು. ಕೇಳಿಸಿಕೊಳ್ಳಲು ಅದು ಬೇಕಾಗಲಿಲ್ಲ.

"ಎಷ್ಟು ದೂರ ಇದೆ?" ಎಂದ ಮೇಸ್ತ್ರಿ.

ಅವಳು ಮುಚ್ಚಳದ ಮೇಲೆ ಅಂಗೈ ಇಟ್ಟಳು. ಮುಚ್ಚಳ ಕೆಳಗಿನಿಂದ ಒತ್ತಿದ ಹಾಗೆ ಕೂದಲೆಳೆಯಷ್ಟು ಏರಿ ಇಳಿಯುತ್ತಿತ್ತು. ಅವಳ ತುಟಿ ಅಲುಗಿತು. "ಮೂರು ಸಲ ತಟ್ಟಿತು ಅಪ್ಪಾ. ನಿನ್ನ ಹಾಗೇ ತಟ್ಟುತ್ತೆ. ನೀನು ಎದುರಿಗೆ ನಿಂತಿದ್ದೀಯ, ಆದರೂ ಒಳಗಿರೋದು ನೀನೇ ಅನ್ನಿಸ್ತಿದೆ."

ಮೇಸ್ತ್ರಿಗೆ ಅರ್ಥವಾಯಿತು. ತಮ್ಮನದೇ ಎನ್ನಿಸಿದ ಪೆಟ್ಟಿಗೆ ಅವನು ಅಂದು ಉತ್ತರ ಕೊಡದೆ ಇರಲಾರದೆ ಹೋದ. ನಾಳೆ ತಾನು ಸತ್ತ ಮೇಲೆ, ದಿನವೂ ಮೂರು ಗಂಟೆಗೆ, ಅಪ್ಪನೇ ಕೆಳಗೆ ಸಿಕ್ಕಿಕೊಂಡು ಬರಲಾ ಎಂದು ಕೇಳಿದ ಹಾಗೆ ಇವಳಿಗೆ ಕೇಳಿಸುತ್ತದೆ. ದಿನವೂ ಇವಳು ಆ ಅಪ್ಪನಿಗೆ ಅಲ್ಲೇ ಇರು ಎನ್ನಬೇಕು. ಒಂದು ದಿನ, ಒಂದೇ ದಿನ ಮನಸ್ಸು ಕರಗಿದರೆ ಮುಗಿಯಿತು.

"ನಾನು ಸತ್ತ ಮೇಲೂ ಅದು ಹೀಗೇ ತಟ್ಟುತ್ತೆ ಮಗಳೇ. ಅದು ನಾನಲ್ಲ."

"ಗೊತ್ತು."

"ಎಷ್ಟು ಬೇಡಿದರೂ ಬಾ ಅನ್ನಬೇಡ."

"ಗೊತ್ತಪ್ಪಾ."

ಅವಳು ಸಲಾಕೆ ಎತ್ತಿದಳು. ಮೇಸ್ತ್ರಿ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ. ಯಾಕೆ ಹಿಡಿದನೆಂದು ಅವನಿಗೇ ಗೊತ್ತಿರಲಿಲ್ಲ. ತಡೆಯಲೋ, ಜೊತೆಗಿದ್ದೀನಿ ಎನ್ನಲೋ, ಆರು ವರ್ಷದ ಕೆನ್ನೆಯ ಆ ಏಟಿಗೆ ತಪ್ಪಾಯಿತು ಎನ್ನಲೋ. ಅವಳು ಅವನ ಕಡೆ ತಿರುಗಿ, ತುಟಿ ಕಾಣುವ ಹಾಗೆ, ತುಂಬ ಮೆಲ್ಲಗೆ ಹೇಳಿದಳು.

"ಕೈ ಬಿಡಪ್ಪಾ. ನೀನು ಹಿಡಿದರೆ ನನ್ನ ಕೈಯೂ ನಡುಗುತ್ತೆ."

ಮೇಸ್ತ್ರಿ ಕೈ ಬಿಟ್ಟ.